ಕಣದಲ್ಲಿ ತಿರುಗುತ್ತಿದ್ದ ಬಸ್ಸು

ಆವತ್ತು ಸಂಜೆ ನಮ್ಮ ಹಳೆಯ ಡಿಪೋ ಎದುರಿನ ಟೀ ಅಂಗಡಿಯ ಕಲ್ಲುಬೆಂಚಿನ ಮೇಲೆ ಮೂವರಿದ್ದೆವು. ನಾನು, ಬಸ್ಸುಗಳ ಹೋಗುವ ಬರುವ ವೇಳೆ ನೋಡಿಕೊಳ್ಳುವ ಟೈಂ ಕೀಪರ್ ವೆಂಕಟರಾಮು, ಮತ್ತೆ ಹೊಸದಾಗಿ ಸ್ಟಿಯರಿಂಗ್ ಹಿಡಿದಿರುವ ಸುರೇಶ. ನಿವೃತ್ತನಾದ ಮೇಲೂ ನಾನು ಆಗಾಗ ಅಲ್ಲಿಗೆ ಹೋಗುತ್ತೇನೆ. ಟೀ ಚೆನ್ನಾಗಿರುತ್ತದೆ ಅಂತ ಮನೆಯಲ್ಲಿ ಹೇಳಿದ್ದೇನೆ. ಆ ಟೀ ಕುಡಿದವರು ಯಾರೂ ಅದನ್ನು ನಂಬುವುದಿಲ್ಲ. ದಿನದ ಓಟ ಮುಗಿಸಿದ ಬಸ್ಸುಗಳು ಒಂದೊಂದಾಗಿ ಗೇಟು ದಾಟಿ ಒಳಗೆ ಹೋಗುವುದನ್ನು ನೋಡಬೇಕು, ಅಷ್ಟೇ ನನ್ನ ಆಸೆ.

ಸುರೇಶನ ಮುಖ ಇಳಿದಿತ್ತು. ಲಗ್ಗೆರೆ ಕಡೆಯ ಒಂದು ಸ್ಟಾಪಿನಲ್ಲಿ ಯಾರೋ ಕಾರು ನಿಲ್ಲಿಸಿ ಕೇಕು ತರಲು ಹೋಗಿದ್ದರಂತೆ. ಇವನು ಬಸ್ಸನ್ನು ನಡುರಸ್ತೆಯಲ್ಲಿ ನಿಲ್ಲಿಸಬೇಕಾಯಿತು. ಹಿಂದಿನವರು ಹಾರ್ನ್ ಹೊಡೆದರು, ಒಳಗಿನವರು ಬೈದರು, ಕೇಕಿನವನು ಬಂದು ಇವನಿಗೇ ಗುರಾಯಿಸಿ ಹೋದ.

"ನಾನು ಬಸ್ ಓಡ್ಸೋಕೆ ಅಂತ ಸೇರಿದ್ದು ಸಾರ್. ಇಲ್ಲಿ ನೋಡಿದ್ರೆ ದಿನಾ ಕಾರ್ ತೆಗ್ಸೋದೇ ಕೆಲ್ಸ ಆಗೋಗಿದೆ" ಎಂದ.

ವೆಂಕಟರಾಮು ನನ್ನ ಕಡೆ ಗದ್ದ ಎತ್ತಿ ತೋರಿಸಿ, "ಇವ್ರನ್ನ ಕೇಳಪ್ಪ. ಒಂದು ಗಲ್ಲಿಗೆ ಬಸ್ಸನ್ನ ಪೂರ್ತಿ ರಿವರ್ಸಲ್ಲೇ ಓಡಿಸ್ಕೊಂಡು ಹೋಗ್ತಿದ್ದ ಮನುಷ್ಯ ಇವ್ರು" ಎಂದ.

ಸುರೇಶ ತಮಾಷೆ ಎಂದುಕೊಂಡು ನಕ್ಕ. ಅದು ತಮಾಷೆಯಾಗಿರಲಿಲ್ಲ. ಒಂದು ಲೋಟ ಟೀಯಲ್ಲಿ ಹೇಳಿ ಮುಗಿಸುವಂಥದ್ದೂ ಆಗಿರಲಿಲ್ಲ. ಅದಕ್ಕೇ ಸುರೇಶನಿಗೂ, ಅವನ ಹಿಂದೆ ಈ ಕೆಲಸಕ್ಕೆ ಬರುವವರಿಗೂ ಅಂತ ಇದನ್ನು ಬರೆಯಲು ಕೂತಿದ್ದೇನೆ.

ನನಗೆ ಕೆಲಸ ಕಲಿಸಿದವರು ಇಬ್ರಾಹಿಂ ಸಾಬರು. ಹಳೆಯ ಚಾಲಕರು, ಬಿಳಿ ಗಡ್ಡ, ಮಾತು ಕಡಿಮೆ. ಮೊದಲ ದಿನ ಸ್ಟಿಯರಿಂಗ್ ಮುಟ್ಟಲು ಬಿಡುತ್ತಾರೆ ಎಂದು ಇಸ್ತ್ರಿ ಮಾಡಿದ ಖಾಕಿ ತೊಟ್ಟು ಹೋದರೆ, ನನ್ನನ್ನು ಕರೆದುಕೊಂಡು ಹೋಗಿ ಬಸ್ಸಿನ ಒಳಗೆ ಹಿಂಬದಿಯಲ್ಲಿ, ಕಂಬಿ ಹಿಡಿಸಿ ನಿಲ್ಲಿಸಿದರು. ತಾವು ಓಡಿಸಿದರು. ಮಾರನೆಯ ದಿನವೂ, ಆ ವಾರವೆಲ್ಲ ಹಾಗೇ. ಯಾಕೆ ಎಂದು ಕೇಳಿದ್ದಕ್ಕೆ, ನಿಂತವರಿಗೆ ಬ್ರೇಕು ಹೇಗೆ ಬೀಳುತ್ತದೆ ಎಂದು ಗೊತ್ತಿಲ್ಲದವನು ಬ್ರೇಕಿನ ಮೇಲೆ ಕಾಲಿಡಬಾರದು ಎಂದರು. ಆ ವಾರ ಯಾರದೋ ಅಕ್ಕಿಮೂಟೆ ನನ್ನ ಕಾಲ ಮೇಲಿತ್ತು, ಯಾರದೋ ಮೊಳಕೈ ನನ್ನ ಪಕ್ಕೆಯಲ್ಲಿತ್ತು. ಆ ವಾರದಲ್ಲಿ ಕಲಿತದ್ದನ್ನು ಆಮೇಲೆ ಯಾವ ತರಬೇತಿಯಲ್ಲೂ ಕಲಿಯಲಿಲ್ಲ.

ಜನರ ಸ್ವಾರ್ಥ ಎನ್ನುವುದು ದೊಡ್ಡ ಕಳ್ಳತನದ ಹಾಗೆ ಇರುವುದಿಲ್ಲ. ಅದು ಬಹಳ ಸಣ್ಣದು, ಕರವಸ್ತ್ರದಷ್ಟು. ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಒಳಕ್ಕೆ ಬೀಳುತ್ತಿದ್ದ ಕರವಸ್ತ್ರಗಳನ್ನು ನೀವು ನೋಡಿರಬೇಕು. ಒಮ್ಮೆ ಒಬ್ಬ ಕರವಸ್ತ್ರ ಸಿಗದೆ ಚಪ್ಪಲಿ ಎಸೆದು ಸೀಟು ಹಿಡಿದ. ಹತ್ತಿ ಬಂದು ನೋಡಿದರೆ ಅದರ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಚಪ್ಪಲಿ ಕೇಳಲು ನಾಚಿಕೆ. ಪುಣ್ಯಾತ್ಮ ಒಂದೇ ಕಾಲಿನ ಚಪ್ಪಲಿಯಲ್ಲಿ ಬಾಗಲಗುಂಟೆಯವರೆಗೆ ನಿಂತೇ ಬಂದ.

ಇನ್ನು ನನ್ನ ಮುಖ್ಯ ಕತೆಗೆ ಬರುತ್ತೇನೆ.

ಲಗ್ಗೆರೆ ದಾಟಿ, ರಾಜಗೋಪಾಲನಗರದ ಕಡೆಗೆ ತಿರುಗುವ ಮುಂಚೆ, ಮುಖ್ಯರಸ್ತೆಯಿಂದ ಒಂದು ಸಣ್ಣ ರಸ್ತೆ ಒಳಕ್ಕೆ ಹೋಗುತ್ತದೆ. ಅದರ ಕೊನೆಯಲ್ಲಿ ಒಂದು ಹಳೆಯ ಊರು. ಸುತ್ತ ಕಾರ್ಖಾನೆಗಳು ಎದ್ದು, ಆ ಊರು ಊರೆಂದು ಹೊರಗಿನವರಿಗೆ ತಿಳಿಯದ ಹಾಗೆ ಆಗಿಹೋಗಿದೆ. ನಮ್ಮ ಬಸ್ಸಿನ ಕೊನೆಯ ಸ್ಟಾಪು ಅಲ್ಲಿಯೇ ಇತ್ತು. ಬಸ್ಸು ಅಲ್ಲಿ ತಿರುಗುತ್ತಿದ್ದದ್ದು ಮುನಿಯಮ್ಮನವರ ಕಣದಲ್ಲಿ. ಹೌದು, ರಾಗಿ ಬಡಿಯುತ್ತಿದ್ದ ಕಣ. ಹೊಲಗಳೆಲ್ಲ ಸೈಟುಗಳಾದ ಮೇಲೂ ಮುನಿಯಮ್ಮ ಕಣವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ದುಂಡಗೆ, ಗಟ್ಟಿಯಾಗಿ, ಹೊಸ ರೊಟ್ಟಿಹಂಚಿನ ಹಾಗೆ ಇತ್ತು. ಬೆಳಗ್ಗೆ ನಮ್ಮ ಬಸ್ಸು ಬರುವ ಮುಂಚೆ ಅದನ್ನು ಗುಡಿಸಿ ನೀರು ಚಿಮುಕಿಸಿರುತ್ತಿದ್ದರು.

"ಮೊದ್ಲು ಎತ್ತು ತಿರುಗ್ತಿದ್ದೋ, ಈಗ ಬಸ್ಸು ತಿರುಗ್ತದೆ. ಕಣ ಸುಮ್ಕೆ ಇರಬಾರ್ದು ಕಣಪ್ಪ" ಎನ್ನುತ್ತಿದ್ದರು.

ಯಾರಾದರೂ ಅಲ್ಲಿ ಸೈಕಲ್ಲು ನಿಲ್ಲಿಸಿದರೂ ಮುನಿಯಮ್ಮ ಜಗಲಿಯಿಂದಲೇ ಕೇಳುತ್ತಿದ್ದರು, "ಯಾರ್ಲಾ ಅದು, ಬಸ್ಸಪ್ಪ ಎಲ್ಲಿ ತಿರುಗ್ಬೇಕು, ನಿನ್ ತಲೆ ಮ್ಯಾಲಾ?" ಆಯುಧಪೂಜೆಗೆ ಬಸ್ಸಿಗೆ ಮೊದಲ ಕುಂಕುಮ ಅವರದೇ. ಸಂಕ್ರಾಂತಿಗೆ ಸ್ಟಿಯರಿಂಗ್ ಮುಂದೆ ಎಳ್ಳುಬೆಲ್ಲದ ಪೊಟ್ಟಣ ಇಡುತ್ತಿದ್ದರು. ನನಗಲ್ಲ, ಬಸ್ಸಿಗೆ. ನಾನು ತಿಂದದ್ದು ಬಸ್ಸಿನ ಪರವಾಗಿ.

ನನ್ನ ಕಂಡಕ್ಟರು ಮಲ್ಲಪ್ಪ, ಕೊಪ್ಪಳದ ಕಡೆಯವರು. ಬಸ್ಸು ಹಿಂದಕ್ಕೆ ಹೋಗುವಾಗ ಕೆಲವರು ಸೀಟಿ ಊದುತ್ತಾರೆ. ಮಲ್ಲಪ್ಪ ಊದುತ್ತಿರಲಿಲ್ಲ. ಕೆಳಗಿಳಿದು, ಬಸ್ಸಿನ ಹಿಂಬದಿಯ ತಗಡಿನ ಮೇಲೆ ಅಂಗೈಯಿಂದ ತಟ್ಟುತ್ತಿದ್ದರು. ನಿಧಾನವಾಗಿ ತಟ್ಟಿದರೆ ಬರಬಹುದು ಎಂದು ಅರ್ಥ. ತಟ್ಟುವುದು ನಿಂತರೆ ನಿಲ್ಲಿಸಬೇಕು. ಎರಡು ಸಲ ಬಿಗಿಯಾಗಿ ತಟ್ಟಿದರೆ ಮುಂದಕ್ಕೆ ಹೊರಡು ಎಂದು. ಸೀಟಿಯ ಸದ್ದು ಕಿವಿಗೆ ಬರುತ್ತದೆ. ಅಂಗೈಯ ಸದ್ದು ಸೀಟಿನ ಮೂಲಕ ಬೆನ್ನಿಗೇ ಬರುತ್ತಿತ್ತು. ಇವತ್ತಿಗೂ ನಾನು ನಿದ್ದೆಗಣ್ಣಲ್ಲಿರುವಾಗ ಯಾರಾದರೂ ಬಾಗಿಲು ತಟ್ಟಿದರೆ ನನ್ನ ಬಲಗಾಲು ಬ್ರೇಕು ಹುಡುಕುತ್ತದೆ.

ಆ ಸ್ಟಾಪಿನಲ್ಲಿ ಹತ್ತುತ್ತಿದ್ದವರಲ್ಲಿ ಹೆಚ್ಚಿನವರು ಗಾರ್ಮೆಂಟಿನ ಹೆಣ್ಣುಮಕ್ಕಳು. ಅವರಲ್ಲಿ ಜಯಮ್ಮ ಒಬ್ಬರು. ಕುಣಿಗಲ್ ಕಡೆಯವರು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಹೊಲಿಯುತ್ತಿದ್ದರು. ಚಿಕ್ಕಂದಿನಲ್ಲೇ ಎಡಗಾಲಿಗೆ ಪೋಲಿಯೊ ಆಗಿತ್ತು, ಕಬ್ಬಿಣದ ಪಟ್ಟಿ ಕಟ್ಟಿ ನಡೆಯುತ್ತಿದ್ದರು. ಕಣದ ಎದುರಿಗಿದ್ದ ಮುನಿಯಮ್ಮನವರ ವಠಾರದಲ್ಲೇ ಬಾಡಿಗೆಗಿದ್ದರು. ಬಾಗಿಲು ದಾಟಿದರೆ ಬಸ್ಸಿನ ಮೆಟ್ಟಿಲು. ಅವರು ಕೂರುತ್ತಿದ್ದ ಮೊದಲ ಸೀಟಿನಲ್ಲಿ ಮಲ್ಲಪ್ಪ ಬೇರೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಒಮ್ಮೆ ಒಬ್ಬ ಟಿಪ್‌ಟಾಪ್ ಯುವಕ ಏಳುವುದಿಲ್ಲ ಎಂದು ಹಟ ಮಾಡಿದಾಗ ಜಯಮ್ಮ, "ಬಿಡಿ ಮಲ್ಲಪ್ಪಣ್ಣ. ಕಾಲರ್ ಹೊಲಿಯೋರು ನಾವು, ಎತ್ಕೊಂಡು ಓಡಾಡೋರು ಅವ್ರು" ಎಂದರು. ಬಸ್ಸೆಲ್ಲ ನಕ್ಕಿತು. ಯುವಕ ಎದ್ದ.

ಬರಬರುತ್ತಾ ಆ ರಸ್ತೆಯ ಎರಡೂ ಬದಿ ಮನೆಗಳ ಮೇಲೆ ಮನೆಗಳು ಎದ್ದವು. ಒಂದೊಂದು ಮನೆಗೆ ಒಂದು ಸ್ಕೂಟರು, ಆಮೇಲೆ ಕಾರು. ನಕ್ಷೆಯಲ್ಲಿ ಗಾಡಿ ನಿಲ್ಲಿಸಲು ಎಂದು ತೋರಿಸಿದ ಕೆಳಮಹಡಿಗೆ ಗೋಡೆ ಎಬ್ಬಿಸಿ ಅದನ್ನೂ ಬಾಡಿಗೆಗೆ ಕೊಟ್ಟರು. ಗಾಡಿ ರಸ್ತೆಗೆ ಬಂತು. ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಎರಡೇ ನಿಮಿಷ ಸಾರ್." ಕಾರಿನವರ ಎರಡು ನಿಮಿಷ ಎಂದರೆ ಎಷ್ಟು ಹೊತ್ತು ಎಂದು ನನ್ನ ಇಡೀ ನೌಕರಿಯಲ್ಲಿ ನನಗೆ ತಿಳಿಯಲಿಲ್ಲ.

ಒಂದು ಭಾನುವಾರ ಕಣದ ಬಾಯಿಗೇ ಒಂದು ಕಾರು ಅಡ್ಡ ನಿಂತಿತ್ತು. ಮಲ್ಲಪ್ಪ ಹುಡುಕಿಕೊಂಡು ಹೋದರು. ಒಡೆಯ ಕ್ಷೌರದಂಗಡಿಯಲ್ಲಿ ಕೂತಿದ್ದ, ಅರ್ಧ ಮುಖ ಆಗಿತ್ತು. ಮುಗಿಸಿ ಬರುತ್ತೇನೆ ಎಂದನಂತೆ. ಮಲ್ಲಪ್ಪ ಬೈಯಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು, ಬಸ್ಸಿನಲ್ಲಿ ಯಾರ್‍ಯಾರಿದ್ದಾರೆ, ಯಾರು ಯಾರ ಮನೆಯ ನಾಮಕರಣಕ್ಕೆ ಹೊರಟಿದ್ದಾರೆ ಎಂದು ಸಾವಧಾನವಾಗಿ ಹೇಳತೊಡಗಿದರು. ಆತ ಅದನ್ನು ಕೇಳಲಾರದೆ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಒಂದು ಕೆನ್ನೆಯಲ್ಲಿ ನೊರೆ ಇಟ್ಟುಕೊಂಡೇ ಓಡಿಬಂದು ಕಾರು ತೆಗೆದ. ಬಸ್ಸಿನೊಳಗಿನವರು ಸೆರಗು ಬಾಯಿಗೆ ಹಿಡಿದರು. ಮತ್ತೆಂದೂ ಆ ಕಾರು ಅಲ್ಲಿ ಕಾಣಲಿಲ್ಲ.

ಇನ್ನೊಂದು ಎಡವಟ್ಟು ಹೇಳಲೇಬೇಕು. ದಾರಿಗಡ್ಡ ಇದ್ದ ಸ್ಕೂಟರುಗಳನ್ನು ಮಲ್ಲಪ್ಪನೂ ಹೆಣ್ಣುಮಕ್ಕಳೂ ಸೇರಿ ಎತ್ತಿ ಪಕ್ಕಕ್ಕಿಡುವುದು ರೂಢಿಯಾಗಿತ್ತು. ಒಂದು ಬೆಳಗ್ಗೆ ಹೊಸ ಸ್ಕೂಟರೊಂದನ್ನು ಎತ್ತಿ, ಜಾಗ ಸಾಲದೆ, ಮುನೇಶ್ವರನ ಗುಡಿ ಮುಂದೆ ಇಟ್ಟು ಬಂದರು. ಒಡೆಯ ಆ ಬೀದಿಗೆ ಹೊಸಬ. ಎದ್ದು ನೋಡಿದರೆ ಗಾಡಿ ಇಲ್ಲ. ನೇರ ಪೊಲೀಸ್ ಠಾಣೆಗೆ ಹೋದ. ಇತ್ತ ಗುಡಿಯ ಪೂಜಾರಪ್ಪ, ಹೊಸ ಗಾಡಿ ಗುಡಿ ಮುಂದಿದೆ ಎಂದರೆ ಪೂಜೆಗೇ ಬಂದಿದೆ ಎಂದುಕೊಂಡು, ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ದಕ್ಷಿಣೆಗೆ ಕಾಯುತ್ತಿದ್ದ. ಪೊಲೀಸರು ಬಂದು ನೋಡುತ್ತಾರೆ, ಕದ್ದ ಗಾಡಿಗೆ ಮಂಗಳಾರತಿ ಆಗುತ್ತಿದೆ!

ಡಿಪೋ ಮ್ಯಾನೇಜರು ನಮ್ಮಿಬ್ಬರನ್ನೂ ಕರೆಸಿದರು. ಗಂಭೀರವಾಗಿಯೇ ಶುರುಮಾಡಿದರು. ಮಲ್ಲಪ್ಪ ನಡೆದದ್ದು ಹೇಳುತ್ತಾ ನಿಂಬೆಹಣ್ಣಿನವರೆಗೆ ಬರುವಷ್ಟರಲ್ಲಿ ಅವರು ಕಿಟಕಿ ಕಡೆ ತಿರುಗಿ ನಿಂತುಬಿಟ್ಟರು. ಭುಜ ಕುಲುಕುವುದು ಕಾಣುತ್ತಿತ್ತು. ಹೋಗಿ, ಇನ್ನುಮೇಲೆ ಬೇರೆಯವರ ಗಾಡಿ ಮುಟ್ಟಬೇಡಿ ಎಂದು ಆ ಕಡೆ ತಿರುಗಿಕೊಂಡೇ ಹೇಳಿ ಕಳಿಸಿದರು.

ಆಮೇಲೆ ಮುನಿಯಮ್ಮ ತೀರಿಹೋದರು. ತಿಥಿಯ ದಿನ ಕಣದಲ್ಲಿ ಶಾಮಿಯಾನ ಹಾಕಿದ್ದರು. ಆವತ್ತೊಂದು ದಿನ ಬಸ್ಸು ಒಳಗೆ ಬರುವುದು ಬೇಡ ಎಂದು ಅವರ ಮೊಮ್ಮಗ ಕುಮಾರ ತಾನೇ ಡಿಪೋಗೆ ಬಂದು ಕೇಳಿಕೊಂಡಿದ್ದ. ಅಷ್ಟು ಮರ್ಯಾದೆ ಇದ್ದ ಹುಡುಗ. ವಠಾರ ಕೆಡವಿ ಮೂರು ಮಹಡಿ ಕಟ್ಟಿಸಿದ. ಹಳೆಯ ಬಾಡಿಗೆದಾರರು ಎಂದು ಜಯಮ್ಮನವರಿಗೆ ಕೆಳಗಿನ ಮನೆಯನ್ನೇ ಕೊಟ್ಟ. ಮಿಕ್ಕ ಮನೆಗಳಿಗೆ ಗೇಟಿಗೆ ಬೋರ್ಡು ತೂಗುಹಾಕಿದ: 'ಮನೆ ಬಾಡಿಗೆಗೆ ಇದೆ. ಬಸ್ ಸ್ಟಾಪ್ ಎದುರು.' ಮನೆಗಳು ಬೇಗ ತುಂಬಿದವು. ಆಮೇಲೆ ಒಂದು ದೊಡ್ಡ ಕಾರು ತಂದು, ಬೂದು ಬಣ್ಣದ ಹೊದಿಕೆ ಹೊದಿಸಿ, ಕಣದ ನಡುವೆ ನಿಲ್ಲಿಸಿದ.

ನಾನೂ ಮಲ್ಲಪ್ಪನೂ ಮಾತಾಡಲು ಹೋದೆವು. ಕಾಫಿ ತರಿಸಿಕೊಟ್ಟ.

"ಜಾಗ ನಮ್ದೇ ಅಲ್ವಾ ಅಣ್ಣ. ಅಜ್ಜಿ ಕಾಲ್ದಲ್ಲಿ ಬಿಟ್ಕೊಟ್ಟಿದ್ರು, ಆಗ ನಮ್ಮನೇಲಿ ಕಾರಿರ್ಲಿಲ್ಲ. ಕೆಳಗಡೆ ಮನೆ ಮಾಡ್ಬಿಟ್ಟಿದೀನಿ. ನಾನೆಲ್ಲಿ ನಿಲ್ಲಿಸ್ಲಿ, ನೀವೇ ಹೇಳಿ?"

"ಒಂದ್ ಮೂಲಿಗಿ ನಿಲ್ಸ್ರಿ ಕುಮಾರಣ್ಣ, ಬಸ್ಸಿನ ಮೂತಿ ತಿರುಗಿದ್ರ ಸಾಕ್ರಿ" ಎಂದರು ಮಲ್ಲಪ್ಪ.

ಅವನು ಮೂಲೆಗೆ ಸರಿಸಿದ. ಮೂರು ದಿನ ಚೆನ್ನಾಗಿತ್ತು. ಆಮೇಲೆ ಇವನು ನಿಲ್ಲಿಸಬಹುದಾದರೆ ನಾವೇಕೆ ನಿಲ್ಲಿಸಬಾರದು ಎಂದು ಉಳಿದವರೂ ತಂದರು. ತನ್ನ ಕಾರು ಸಿಕ್ಕಿಕೊಂಡೀತು ಎಂದು ಅವನು ಮತ್ತೆ ನಡುವಿಗೇ ಬಂದ. ಕಣ ತುಂಬಿತು. ಅಲ್ಲಿ ಬಸ್ಸಿರಲಿ, ಎಮ್ಮೆಯೂ ತಿರುಗುವ ಹಾಗಿರಲಿಲ್ಲ.

ಬಸ್ಸನ್ನು ಮುಖ್ಯರಸ್ತೆಯಲ್ಲೇ ನಿಲ್ಲಿಸಿ ಹೊರಡಬಹುದಿತ್ತು. ಕಣ ತುಂಬಿದ ದಿನ ಹಾಗೇ ಮಾಡಿದೆವು. ಹೆಣ್ಣುಮಕ್ಕಳೆಲ್ಲ ರಸ್ತೆಯುದ್ದ ಓಡಿಬಂದರು. ಜಯಮ್ಮ ಓಡುವಂತಿರಲಿಲ್ಲ. ನಿಂತ ಕಾರುಗಳ ಮತ್ತು ಚರಂಡಿಯ ನಡುವೆ ಕಾಲಿಡಲು ಜಾಗ ಹುಡುಕುತ್ತಾ, ಬರುವ ಟೆಂಪೊಗಳಿಗೆ ದಾರಿಬಿಡುತ್ತಾ ಬರುವಷ್ಟರಲ್ಲಿ ನಮ್ಮ ವೇಳೆ ಮೀರಿತ್ತು. ಕಾದೆವು. ಆದರೆ ಅವರ ಕಾರ್ಖಾನೆಯ ಗೇಟು ಕಾಯುವುದಿಲ್ಲ. ಹತ್ತಿ ಕೂತು, ಉಸಿರು ಹಿಡಿತಕ್ಕೆ ಬಂದ ಮೇಲೆ ಅವರು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

"ಅಣ್ಣ, ನೀವು ಬಾಗ್ಲಿಗೆ ಬರ್ತೀರಾ ಅಂತ್ಲೇ ನಾನು ಈ ಕೆಲ್ಸಕ್ಕೆ ಸೇರಿದ್ದು."

ಮಾರನೆಯ ಬೆಳಗ್ಗೆ ಮುಖ್ಯರಸ್ತೆಯಲ್ಲಿ ಮಲ್ಲಪ್ಪ ಕೆಳಗಿಳಿದು ಹಿಂದಕ್ಕೆ ಹೋದರು. ಕನ್ನಡಿಯಲ್ಲಿ ನೋಡಿದೆ. ತಗಡಿನ ಮೇಲೆ ಕೈಯಿಟ್ಟು, "ಬರ್ರಿ" ಎಂದರು.

ಹೀಗೆ ಶುರುವಾಯಿತು. ಒಳಗೆ ತಿರುಗಲು ಜಾಗವಿಲ್ಲದಿದ್ದರೆ ಹಿಂದು ಮುಂದಾಗಿ ಒಳಗೆ ಹೋದರಾಯಿತು. ಹೊರಬರುವಾಗ ಮೂತಿ ಮುಂದಿರುತ್ತದೆ, ಮುಖ್ಯರಸ್ತೆಯ ಗಾಡಿಗಳು ಕಾಣುತ್ತವೆ. ಹೇಳುವುದು ಸುಲಭ. ಆ ರಸ್ತೆಯ ಉದ್ದಕ್ಕೂ ಒಂದು ಕಡೆ ಕಾರು, ಒಂದು ಕಡೆ ಚರಂಡಿ, ನಡುವೆ ಬಸ್ಸು ಹಿಡಿಸುವಷ್ಟೇ ದಾರಿ. ಮಲ್ಲಪ್ಪ ತಟ್ಟುತ್ತಾ ನಡೆಯುತ್ತಿದ್ದರು, ನಾನು ಆ ಸದ್ದನ್ನು ಹಿಡಿದುಕೊಂಡು ಹೋಗುತ್ತಿದ್ದೆ. ಯಾವ ಕಾರು ಯಾರದು, ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರ ಕಿಟಕಿಗೆ ಕೂಗಬೇಕು, ಎಲ್ಲವೂ ಅವರಿಗೆ ಗೊತ್ತಾಯಿತು. ಮೊದಮೊದಲು ಜನ ಬೈದರು. ಬಳಿಕ ಕೆಲವರು ಆ ಹೊತ್ತಿಗೆ ತಾವಾಗಿ ಎದ್ದು ಬಂದು ಕಾರಿನ ಕನ್ನಡಿ ಮಡಚಿ ನಿಲ್ಲುತ್ತಿದ್ದರು. ಕಾರು ತೆಗೆಯುತ್ತಿರಲಿಲ್ಲ, ಕನ್ನಡಿ ಮಡಚುತ್ತಿದ್ದರು. ಅಷ್ಟಾದರೂ ಆಯಿತಲ್ಲ ಎಂದು ನಾವು ಕೈಮುಗಿಯುತ್ತಿದ್ದೆವು. ಬಸ್ಸಿನ ಹಿಂಭಾಗ ಕಣದ ಅಂಚು ಮುಟ್ಟುವಾಗ ಜಯಮ್ಮ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು.

ಒಂದು ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು. ನನ್ನ ನೌಕರಿಯ ಒಳ್ಳೆಯ ದಿನಗಳು ಯಾವುವು ಎಂದು ಕೇಳಿದರೆ ಆ ಬೆಳಗುಗಳೇ. ಹಿಂದಕ್ಕೆ ಹೋಗುತ್ತಿದ್ದ ಬಸ್ಸು, ಬೆನ್ನಿಗೆ ಬರುತ್ತಿದ್ದ ಆ ಅಂಗೈಯ ಸದ್ದು.

ಆಮೇಲೆ ಮಲ್ಲಪ್ಪನಿಗೆ ಊರ ಕಡೆಗೆ ವರ್ಗವಾಯಿತು. ಬಹಳ ಕಾಲದಿಂದ ಕೇಳಿಕೊಂಡಿದ್ದರು. ಬೇಡ ಎನ್ನಲು ನಾನ್ಯಾರು. ಕೊನೆಯ ದಿನ ಕಣದಲ್ಲಿ ಎರಡು ಸಲ ಬಿಗಿಯಾಗಿ ತಟ್ಟಿ, ಬಂದು ಹತ್ತಿಕೊಂಡರು. ದಾರಿಯುದ್ದಕ್ಕೂ ಟಿಕೆಟ್ಟು ಕೊಟ್ಟರು, ನನ್ನ ಹತ್ತಿರ ಬರಲೇ ಇಲ್ಲ.

ಅದೇ ಸುಮಾರಿಗೆ ಹೊಸ ಬಸ್ಸು ಬಂತು. ಹಿಂದೆ ಕ್ಯಾಮೆರಾ, ಮುಂದೆ ಪರದೆ, ರಿವರ್ಸ್ ಹಾಕಿದರೆ ಕೀ ಕೀ ಎನ್ನುವ ಸದ್ದು. ಒಳ್ಳೆಯ ಬಸ್ಸೇ, ಬೈಯುವುದಿಲ್ಲ. ಆದರೆ ಉದ್ದ ಹೆಚ್ಚು. ಕ್ಯಾಮೆರಾ ಹಿಂದಿರುವ ಕಾರನ್ನು ತೋರಿಸುತ್ತದೆ; ಕಾರಿನವನು ಯಾವ ಮನೆಯಲ್ಲಿ ಮಲಗಿದ್ದಾನೆ ಎಂದು ತೋರಿಸುವುದಿಲ್ಲ. ಜಯಮ್ಮನವರ ಬಾಗಿಲು ಮುಟ್ಟಲು ಪ್ರಯತ್ನಪಟ್ಟೆ. ಎರಡು ಕಡೆ ಸಿಕ್ಕಿಕೊಂಡೆ. ಮೇಲಿನ ಅಧಿಕಾರಿಯೊಬ್ಬರು ಒಂದು ಬೆಳಗ್ಗೆ ತಾವೇ ಬಂದು ಪಕ್ಕದಲ್ಲಿ ಕೂತು ನೋಡಿದರು. ಅವರು ಗದರಿಸುವ ಜನವಲ್ಲ.

"ನೀವು ಮಾಡ್ತಿರೋದು ಯಾಕೆ ಅಂತ ನಂಗೆ ಅರ್ಥ ಆಗತ್ತೆ. ಆದ್ರೆ ನಾಳೆ ಹಿಂದೆ ಒಂದು ಮಗು ಬಂದ್ರೆ?" ಎಂದರು.

ಬಸ್ಸಿನ ಕೊನೆಯ ಸ್ಟಾಪು ಮುಖ್ಯರಸ್ತೆಗೆ ಬಂತು. ಕೆಲವು ತಿಂಗಳಿಗೆ ನಾನೂ ನಿವೃತ್ತನಾದೆ. ಹಾರ ಹಾಕಿದರು, ಶಾಲು ಹೊದಿಸಿದರು. ಎಲ್ಲರೂ ಮಾತಾಡುವಾಗ ನಾನು ಆ ಕಣವನ್ನೇ ನೆನೆಯುತ್ತಿದ್ದೆ. ನೀರು ಚಿಮುಕಿಸಿದ ಮಣ್ಣಿನ ವಾಸನೆ ಬಂದ ಹಾಗಾಯಿತು.

ಸುರೇಶ, ನಿನಗೆ ಹೇಳುವುದು ಇಷ್ಟೇ. ಕಾರಿನವರ ಮೇಲೆ ಕೋಪ ಮಾಡಿಕೊಂಡು ದಿನ ಕಳೆಯಬೇಡ. ಅವರು ನಿನ್ನನ್ನು ಕಂಡೇ ಇರುವುದಿಲ್ಲ. ನಿನ್ನ ಬಸ್ಸು ಬಾರದಿದ್ದರೆ ಯಾರ ದಿನ ಕೆಡುತ್ತದೆ ಎಂದು ತಿಳಿದುಕೊಂಡಿರು. ಒಬ್ಬರ ಹೆಸರು ಗೊತ್ತಿದ್ದರೂ ಸಾಕು.

ಕೊನೆಗೆ ಇನ್ನೊಂದು ಸಂಗತಿ, ಹೋದ ತಿಂಗಳು ಆದದ್ದು. ಜಯಮ್ಮ ಫೋನು ಮಾಡಿ ಮನೆ ಬದಲಾಯಿಸುತ್ತಿದ್ದೇನೆ ಎಂದರು. ಸ್ಟಾಪು ಹೊರಗೆ ಹೋದ ಮೇಲೆ ಇಷ್ಟು ದಿನವೂ ಬೆಳಗ್ಗೆ ಬೇಗ ಎದ್ದು ಮುಖ್ಯರಸ್ತೆಗೆ ನಡೆದಿದ್ದಾರೆ. ಈಗ ಕಾಲು ಆಗುವುದಿಲ್ಲ ಎನ್ನುತ್ತಿದೆಯಂತೆ. ಬಾಗಲಗುಂಟೆಯಲ್ಲಿ ರಸ್ತೆ ಬದಿಗೇ ಒಂದು ಕೋಣೆ ಸಿಕ್ಕಿತ್ತು, ಇದಕ್ಕಿಂತ ಚಿಕ್ಕದು. ನಾನು ಹೋದೆ. ಸಾಮಾನು ಸಾಗಿಸಲು ಬಂದಿದ್ದ ಟೆಂಪೊದವನು ಮುಖ್ಯರಸ್ತೆಯಲ್ಲೇ ನಿಂತು, ಒಳಗೆ ಬಂದರೆ ತಿರುಗಿಸಲು ಆಗುವುದಿಲ್ಲ, ಸಾಮಾನು ಇಲ್ಲಿಗೇ ತನ್ನಿ ಎನ್ನುತ್ತಿದ್ದ.

ನಾನು ಟೆಂಪೊ ಹಿಂದಕ್ಕೆ ಹೋಗಿ ತಗಡಿನ ಮೇಲೆ ಕೈಯಿಟ್ಟೆ. "ಬಾರಪ್ಪ, ನಾನಿದ್ದೀನಿ" ಎಂದೆ. ನಿಧಾನವಾಗಿ ತಟ್ಟುತ್ತಾ ನಡೆದೆ. ಅವನು ಬಂದ. ಒಂದು ಮನೆಯ ಮುಂದೆ ಒಬ್ಬರು ಎದ್ದು ಬಂದು ಕಾರಿನ ಕನ್ನಡಿ ಮಡಚಿದರು.

ಮಂಚ, ಹೊಲಿಗೆ ಯಂತ್ರ, ಗ್ಯಾಸಿನ ಒಲೆ, ಎರಡು ತುಳಸಿ ಕುಂಡ. ಮಂಚಕ್ಕೆ ಕುಮಾರನೂ ಕೈಕೊಟ್ಟ. ಜಯಮ್ಮ ಬೀಗದ ಕೈ ಕೊಟ್ಟರು. ಅವನು ಒಳಗಿನಿಂದ ಹಳೆಯ ಬೋರ್ಡನ್ನು ತಂದು ಗೇಟಿಗೆ ಕಟ್ಟತೊಡಗಿದ. ಟೆಂಪೊದ ಮುಂದಿನ ಸೀಟಿನಲ್ಲಿ ಕೂತಿದ್ದ ಜಯಮ್ಮ ಅದನ್ನು ಓದಿದರು.

"ಕುಮಾರಣ್ಣ, ಕೊನೇ ಸಾಲು ಅಳಿಸ್ಬಿಡಿ. ಬರೋರು ನಂಬ್ಕೊಂಡು ಬರ್ತಾರೆ" ಎಂದರು.

ಅವನು ಬೋರ್ಡನ್ನು ನೋಡಿದ. 'ಬಸ್ ಸ್ಟಾಪ್ ಎದುರು' ಎನ್ನುವ ಅಕ್ಷರಗಳನ್ನು ಹೆಬ್ಬೆರಳಿನಿಂದ ಉಜ್ಜಿದ. ಎಣ್ಣೆ ಬಣ್ಣ, ಹೋಗಲಿಲ್ಲ. ಮತ್ತೆ ಉಜ್ಜುತ್ತಾ ಅಲ್ಲೇ ನಿಂತಿದ್ದ.

ನಾನು ಹಿಂದಕ್ಕೆ ಹೋಗಿ ಎರಡು ಸಲ ಬಿಗಿಯಾಗಿ ತಟ್ಟಿದೆ. ಟೆಂಪೊ ಹೊರಟಿತು.